ಅಮ್ಮಾ, ಅಜ್ಜಿಯ ಓಣಿ ಕೆಂಪಾಯ್ತಾ?

ಭಾನುವಾರ ಮಧ್ಯಾಹ್ನ 12.30ಕ್ಕೆ ನಮ್ಮಲ್ಲಿಂದ ಊರಿಗೆ ವಿಡಿಯೊ ಕಾಲ್. ಚಳಿಗಾಲದಲ್ಲಿ ಉಡುಪಿಯಲ್ಲಿ ಆಗ ಸಂಜೆ 5 ಗಂಟೆ. ಅಮ್ಮ ಚಾ ಕುಡಿದು, ಚಾವಡಿಯಲ್ಲಿ ಕೂತು, ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿಟ್ಟು ಕಾಯುತ್ತಿರುತ್ತಾರೆ. ಮೂರು ವಾರದ ಹಿಂದೆ ಮಾತಿನ ನಡುವೆ ಹೇಳಿದರು: "ಮಾಷ್ಟ್ರನ್ನು ಮಗ ಬಂದು ಬೆಂಗ್ಳೂರಿಗೆ ಕರ್ಕೊಂಡು ಹೋದ. ಮನೆಗೆ ಬೀಗ ಹಾಕಿ ಆಯ್ತು. ಇನ್ನು ಅವ್ರು ತಿರುಗಿ ಬರುವುದು ಸುಳ್ಳು ಮಾರಾಯ್ತಿ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಪಕ್ಕದಲ್ಲಿ ಚಿತ್ರ ಬಿಡಿಸುತ್ತಾ ಕೂತಿದ್ದ ಮಗಳು ತಲೆ ಎತ್ತದೆ ಕೇಳಿದಳು: "ಹಾಗಾದ್ರೆ ಅಜ್ಜಿಯ ಓಣಿ ಕೆಂಪಾಯ್ತಾ ಅಮ್ಮಾ?"

"ಎಂತ ಕೆಂಪು?" ಅಂದರು ಅಮ್ಮ ಅತ್ತಲಿಂದ. ಅವರಿಗೆ ಅರ್ಥ ಆಗಲಿಲ್ಲ. ನನಗೆ ಆಯಿತು. ಅವತ್ತು ಇಡೀ ದಿನ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಇತ್ತು.

ಅದನ್ನು ಅವಳಿಗೆ ಕಲಿಸಿದವಳು ನಾನೇ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ನನ್ನ ಕೆಲಸ ಗೆಲಾಕ್ಸಿಗಳ, ಅಂದರೆ ಕೋಟಿ ಕೋಟಿ ನಕ್ಷತ್ರಗಳ ಸಮೂಹಗಳ ಮೇಲೆ. ಅವು ಹೇಗೆ ಹುಟ್ಟಿದವು, ಹೇಗೆ ಬೆಳೆದವು ಅನ್ನುವುದು. ಅದರಲ್ಲೂ ನಕ್ಷತ್ರ ಹುಟ್ಟುವುದು ನಿಂತುಹೋದ ಗೆಲಾಕ್ಸಿಗಳು ನನ್ನ ಪಾಲಿಗೆ ಬಂದಿವೆ. ಒಂದು ದಿನ ಮಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಂಪು ಚುಕ್ಕೆ, ನೀಲಿ ಚುಕ್ಕೆಗಳ ನಕ್ಷೆ ನೋಡಿ ಇದೇನು ಅಂತ ಕೇಳಿದ್ದಳು. ಎಂಟು ವರ್ಷದ ಹುಡುಗಿಗೆ ತಿಳಿಯಲಿ ಅಂತ ಹೇಳಿದ್ದೆ: ನೀಲಿ ಅಂದರೆ ಮಕ್ಕಳಿರುವ ಮನೆ. ಕೆಂಪು ಅಂದರೆ ಬರೀ ಅಜ್ಜ ಅಜ್ಜಿ ಉಳಿದ ಮನೆ.

ಸುಮ್ನೆ ಹೇಳಿದ ಹೋಲಿಕೆ ಅಲ್ಲ ಅದು. ದೊಡ್ಡ ನಕ್ಷತ್ರಗಳು ತುಂಬಾ ಬಿಸಿ, ಅವುಗಳ ಬಣ್ಣ ನೀಲಿ. ಇದ್ದ ಇಂಧನವನ್ನೆಲ್ಲ ಬೇಗ ಬೇಗ ಸುಟ್ಟುಕೊಂಡು ಕೆಲವೇ ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತವೆ. ನಮ್ಮ ಸೂರ್ಯನಂಥದ್ದಕ್ಕೆ ಸುಮಾರು 1000 ಕೋಟಿ ವರ್ಷ ಆಯುಸ್ಸು. ಅದಕ್ಕಿಂತ ತೀರಾ ಚಿಕ್ಕವು ಕೆಂಪಗಿರುತ್ತವೆ, ಇನ್ನೂ ಜಾಸ್ತಿ ಬಾಳುತ್ತವೆ. ಹಾಗಾಗಿ ಒಂದು ಗೆಲಾಕ್ಸಿಯಲ್ಲಿ ಹೊಸ ಹುಟ್ಟು ನಿಂತರೆ ಮೊದಲು ಮಾಯ ಆಗುವುದು ನೀಲಿ. ಉಳಿದ ಹಳಬರ ಬೆಳಕು ಸೇರಿ ಇಡೀ ಗೆಲಾಕ್ಸಿ ಕೆಂಪಗೆ ಕಾಣುತ್ತದೆ. ನಮ್ಮ ಆಕಾಶಗಂಗೆಯಲ್ಲಿ ಈಗಲೂ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ಹೊಸ ನಕ್ಷತ್ರ ಹುಟ್ಟುತ್ತವೆ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಎಲ್ಲ ಪೇಪರ್‌ಗಳಲ್ಲಿ ಬಂತಲ್ಲ, ಅದು ಎಂ87 ಅನ್ನುವ ಗೆಲಾಕ್ಸಿಯ ನಡುವಿನದ್ದು. ಆ ಗೆಲಾಕ್ಸಿ ನಮ್ಮದಕ್ಕಿಂತ ಎಷ್ಟೋ ದೊಡ್ಡದು. ಆದರೆ ಅಲ್ಲಿ ಹೊಸ ಹುಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಕಡೆಯ ಹಳೆ ಜಮೀನ್ದಾರರ ದೊಡ್ಡ ಗುತ್ತಿನ ಮನೆಯ ಹಾಗೆ.

ನಮ್ಮ ಓಣಿ ಇರುವುದು ಕುಂಜಿಬೆಟ್ಟಿನಲ್ಲಿ. ಎರಡೂ ಬದಿ ಕೆಂಪುಕಲ್ಲಿನ ಪಾಗಾರ. ಮಳೆಗಾಲ ಮುಗಿದರೂ ಪಾಗಾರದ ಮೇಲೆ ಪಾಚಿ ಹಸಿರಾಗಿಯೇ ಇರುತ್ತದೆ. ಒಟ್ಟು 11 ಮನೆ. 1997ರ ಏಪ್ರಿಲ್‌ನಲ್ಲಿ ಅಲ್ಲಿ 23 ಮಕ್ಕಳಿದ್ದೆವು. ಈ ಲೆಕ್ಕ ನನಗೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ ಮಾಷ್ಟ್ರು.

ಆ ಬೇಸಿಗೆಯಲ್ಲಿ ಹೇಲ್-ಬಾಪ್ ಧೂಮಕೇತು ಬಂದಿತ್ತು. ನಾನು ಏಳನೇ ಕ್ಲಾಸಿಗೆ ಹೋಗುವ ರಜೆ. ಒಂದು ಸಂಜೆ ಮಾಷ್ಟ್ರು ಓಣಿಯ ಮಕ್ಕಳನ್ನೆಲ್ಲ ತಮ್ಮ ಮನೆಯ ಟೆರೇಸಿಗೆ ಹತ್ತಿಸಿದರು. ಟೆರೇಸಿನ ಅರ್ಧ ಭಾಗದಲ್ಲಿ ಹಲಸಿನ ಹಪ್ಪಳ ಒಣಗಿಸಿದ ಚಾಪೆ ಇನ್ನೂ ಹಾಗೇ ಇತ್ತು. "ಅದನ್ನು ತುಳಿದ್ರೆ ಟೀಚರಮ್ಮ ನನ್ನನ್ನು ಬಿಡ್ಲಿಕ್ಕಿಲ್ಲ" ಅಂದರು. ಅವರ ಹೆಂಡತಿಯೂ ಟೀಚರ್. ಪಶ್ಚಿಮಕ್ಕೆ ತೆಂಗಿನ ತಲೆಗಳ ಸಾಲು, ಅದರಾಚೆ ಮಲ್ಪೆಯ ಕಡಲು. ಸ್ವಲ್ಪ ಬಲಕ್ಕೆ, ತೆಂಗಿನ ಗರಿಯ ಮೇಲೆ, ಯಾರೋ ಬಿಳಿ ಚಾಕ್‌ಪೀಸಿನಲ್ಲಿ ಗೀಚಿ ಬೆರಳಿಂದ ಒರೆಸಿದ ಹಾಗೆ ಧೂಮಕೇತು. ಬಾಲ ಮೇಲಕ್ಕೆ. ನಮ್ಮಲ್ಲಿ ಒಬ್ಬರೂ ಮಾತಾಡಲಿಲ್ಲ. ಮಾಷ್ಟ್ರು ಹೇಳಿದರು: "ಸರಿ ನೋಡಿಕೊಳ್ಳಿ. ಇನ್ನು ಇದು ಬರುವುದು ಎರಡು ಸಾವಿರ ವರ್ಷ ಕಳೆದ ಮೇಲೆ."

ಮೆಟ್ಟಿಲು ಹತ್ತುವಾಗ ಅವರು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ್ದರು. ಇಳಿಯುವಾಗಲೂ ಹಾಗೇ ಎಣಿಸಿದರು. "ಇಪ್ಪತ್ತಮೂರು. ಸರಿ ಉಂಟು, ಮನೆಗೆ ಹೋಗಿ." ಆ ಕೈ ನನ್ನ ತಲೆಯ ಮೇಲೆ ಈಗಲೂ ಇದೆ ಅನ್ನಿಸುತ್ತದೆ.

ಆ ಟೆರೇಸಿನಿಂದ ನಾನು ಇಲ್ಲಿಗೆ ಬಂದೆ. ಉಡುಪಿಯಲ್ಲಿ ಬಿ.ಎಸ್ಸಿ., ಕೊಣಾಜೆಯಲ್ಲಿ ಎಂ.ಎಸ್ಸಿ., ಪುಣೆಯಲ್ಲಿ ಪಿಎಚ್.ಡಿ., ಜರ್ಮನಿಯಲ್ಲಿ ಮೂರು ವರ್ಷ, ಆಮೇಲೆ ಲೈಡನ್. ಉಳಿದವರೂ ಹಾಗೇ. ಮುಂಬಯಿ, ದುಬೈ, ಮಸ್ಕತ್, ಹೆಚ್ಚಿನವರು ಬೆಂಗಳೂರು. ಇಬ್ಬರು ಅಮೆರಿಕ. ಊರಲ್ಲೇ ಉಳಿದವರು ಇಬ್ಬರು, ಅವರೂ ಮಣಿಪಾಲದ ಫ್ಲ್ಯಾಟಿಗೆ ಹೋದರು.

ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುವುದು ಯಾಕೆ ನಿಲ್ಲುತ್ತದೆ? ನನ್ನ ಹದಿನೈದು ವರ್ಷ ಈ ಒಂದು ಪ್ರಶ್ನೆಯ ಸುತ್ತ ಕಳೆದಿದೆ. ನಕ್ಷತ್ರಕ್ಕೆ ಬೇಕಾದ ಸರಕು ಹೈಡ್ರೋಜನ್ ಅನಿಲ. ಅದು ತಣ್ಣಗಾಗಿ ಒತ್ತೊತ್ತಾಗಿ ಸೇರಬೇಕು. ಕೆಲವು ಕಡೆ ನಡುವಿನ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಬಿಸಿ ಮಾಡುತ್ತಲೇ ಇರುತ್ತದೆ, ತಣ್ಣಗಾಗಲು ಬಿಡುವುದಿಲ್ಲ. ಎಂ87ರಲ್ಲಿ ಹಾಗೆ. ಇನ್ನು ಕೆಲವು, ಗೆಲಾಕ್ಸಿಗಳದ್ದೇ ಒಂದು ದೊಡ್ಡ ಗುಂಪಿನೊಳಗೆ ನುಗ್ಗುವಾಗ ಅಲ್ಲಿನ ಬಿಸಿ ಅನಿಲ ಎದುರಾಗಿ, ಜೂನ್ ತಿಂಗಳ ಗಾಳಿ ಕೊಡೆಯನ್ನು ಕಿತ್ತುಕೊಂಡು ಹೋದ ಹಾಗೆ, ಇದ್ದದ್ದನ್ನೂ ಹೊರಗೆ ಎಳೆದು ಹಾಕುತ್ತದೆ.

ಆದರೆ ತುಂಬಾ ಗೆಲಾಕ್ಸಿಗಳಿಗೆ ಇಂಥ ದೊಡ್ಡ ಹೊಡೆತ ಏನೂ ಬೀಳುವುದಿಲ್ಲ. ಹೊರಗಿನಿಂದ ಬರುವ ಹೊಸ ಅನಿಲ ನಿಲ್ಲುತ್ತದೆ, ಅಷ್ಟೆ. ಒಳಗೆ ಉಳಿದದ್ದರಲ್ಲೇ ಸ್ವಲ್ಪ ಕಾಲ ನಡೆಯುತ್ತದೆ, ಆಮೇಲೆ ಖಾಲಿ. ಇದನ್ನು ಹೇಗೆ ಕಂಡುಹಿಡಿದರು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ನೀರು ಹಾಕದೆ ಸಾರು ಕುದಿಸುತ್ತಾ ಹೋದರೆ ಉಪ್ಪು ಜಾಸ್ತಿ ಆಗುತ್ತದೆ ಅಲ್ವಾ? ನಕ್ಷತ್ರಗಳು ತಮ್ಮೊಳಗೆ ಆಮ್ಲಜನಕ, ಕಬ್ಬಿಣದಂಥ ಭಾರದ ಧಾತುಗಳನ್ನು ಬೇಯಿಸಿ ಸಾಯುವಾಗ ಹೊರಗೆ ಚೆಲ್ಲುತ್ತವೆ. ಹೊಸ ಅನಿಲ ಬರುತ್ತಿದ್ದರೆ ಅದೆಲ್ಲ ತೆಳುವಾಗುತ್ತದೆ. ಬರುವುದು ನಿಂತರೆ ಕೊನೆಕೊನೆಗೆ ಹುಟ್ಟಿದ ನಕ್ಷತ್ರಗಳಲ್ಲಿ ಈ ಧಾತುಗಳು ಜಾಸ್ತಿ ಇರುತ್ತವೆ. 2015ರಲ್ಲಿ ಸುಮಾರು 26,000 ಗೆಲಾಕ್ಸಿಗಳನ್ನು ಹೀಗೆ 'ರುಚಿ' ನೋಡಿದರು. ಸತ್ತವುಗಳಲ್ಲಿ ಉಪ್ಪು ಜಾಸ್ತಿ ಇತ್ತು. ಅಂದರೆ ಅವು ಒಮ್ಮೆಗೇ ಸತ್ತದ್ದಲ್ಲ. ಬರುವುದು ನಿಂತ ಮೇಲೆ ಸುಮಾರು 400 ಕೋಟಿ ವರ್ಷ ತೆಗೆದುಕೊಂಡು ನಿಧಾನ ಆರಿದ್ದು.

ಹೈಡ್ರೋಜನ್ ಅನಿಲ ಕಣ್ಣಿಗೆ ಕಾಣುವುದಿಲ್ಲ. ಅದು 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯಲ್ಲಿ ಮಾತಾಡುತ್ತದೆ ಅಂತ ಮೊದಲು ಲೆಕ್ಕ ಹಾಕಿ ಹೇಳಿದ್ದು ವಾನ್ ಡೆ ಹುಲ್ಸ್ಟ್ ಅನ್ನುವ ಹುಡುಗ. 1944ರಲ್ಲಿ, ಈ ದೇಶ ಜರ್ಮನ್ ಸೈನ್ಯದ ಕೈಯಲ್ಲಿದ್ದಾಗ, ಇದೇ ಲೈಡನ್‌ನ ಒಂದು ಸಭೆಯಲ್ಲಿ. ಆ ಅಲೆಯನ್ನೇ ಹಿಡಿದು, ಸುಮಾರು 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳಲ್ಲಿ ಎಷ್ಟು ಅನಿಲ ಇತ್ತು ಅಂತ 2020ರಲ್ಲಿ ಅಳೆದವರು ನಮ್ಮ ಪುಣೆಯವರು. ಪುಣೆ ಹತ್ತಿರದ ಖೊಡದ್‌ನಲ್ಲಿರುವ ಜಿಎಂಆರ್‌ಟಿ ಅನ್ನುವ ರೇಡಿಯೊ ದೂರದರ್ಶಕದಲ್ಲಿ, 45 ಮೀಟರ್ ಅಗಲದ 30 ಆಂಟೆನಾಗಳಿಂದ. ಒಂದೊಂದು ಗೆಲಾಕ್ಸಿಯ ದನಿ ಕೇಳಿಸುವಷ್ಟಿಲ್ಲ. ಸಾವಿರಾರು ಗೆಲಾಕ್ಸಿಗಳ ದನಿ ಸೇರಿಸಿ ಕೇಳಿದರು. ಆಗಿನ ವೇಗದಲ್ಲಿ ನಕ್ಷತ್ರ ಹುಟ್ಟುತ್ತಿದ್ದರೆ ಅವುಗಳಲ್ಲಿದ್ದ ಅನಿಲ ನೂರಿನ್ನೂರು ಕೋಟಿ ವರ್ಷಕ್ಕೆ ಮಾತ್ರ ಸಾಲುತ್ತಿತ್ತು. ಹೊರಗಿನಿಂದ ಬರುವುದು ಸಾಕಾಗಲಿಲ್ಲ, ಹಾಗಾಗಿ ಹುಟ್ಟು ಇಳಿಯಿತು. ಆ ಪ್ರಬಂಧ ಬಂದ ದಿನ ಇಲ್ಲಿನ ಕಾಫಿ ಕೋಣೆಯಲ್ಲಿ ಎಲ್ಲರೂ ಅದೇ ಮಾತಾಡುತ್ತಿದ್ದರು. ನಾನು ಪುಣೆಯಲ್ಲಿ ಓದಿದವಳು ಅಂತ ಎರಡೆರಡು ಸಲ ಹೇಳಿದೆ.

ನಮ್ಮ ಓಣಿಯನ್ನೂ ಯಾರೂ ಹೊಡೆದು ಓಡಿಸಲಿಲ್ಲ. ಜಗಳ ಇಲ್ಲ, ಬರ ಇಲ್ಲ. ಕರಾವಳಿಯ ಮಕ್ಕಳು ಓದಿನಲ್ಲಿ ಮುಂದೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದು ನಿಜ ಕೂಡ. ಪ್ರತಿ ಮನೆಯ ಗೋಡೆಯಲ್ಲಿ ಗೌನು ಹಾಕಿಕೊಂಡ ಫೋಟೊ ಇದೆ. ಆದರೆ ಆ ಓದಿಗೆ ಊರಲ್ಲಿ ಕೆಲಸ ಬೇಕಲ್ಲ ಅನ್ನುವುದನ್ನು ನಾವು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಓದು ಅಂದರೆ ಹೊರಡುವುದು ಅಂತಲೇ ಬೆಳೆದೆವು. ನಾನೂ ಹೊರಟೆ. ಅಪ್ಪ ತೀರಿಕೊಂಡಾಗ ನಾನು ಮುಟ್ಟುವಷ್ಟರಲ್ಲಿ ಮೂರನೇ ದಿನ. ಇದನ್ನು ಯಾರ ಮೇಲೆ ಹಾಕಲಿ?

ಅವತ್ತು ರಾತ್ರಿ ಮಗಳನ್ನು ಮಲಗಿಸುವಾಗ ಹೇಳಿದೆ. "ಹೌದು ಪುಟ್ಟಿ, ನೀನು ಹೇಳಿದ್ದು ಸರಿ. ಈಗ ಆ ಓಣಿಯಲ್ಲಿ ಒಂದು ಮಗುವೂ ಇಲ್ಲ."

ಅವಳು ಎದ್ದು ಕೂತಳು. "ಇದ್ದಾರಲ್ಲ! ಮೂರು ಜನ ಇದ್ದಾರೆ!"

ಮಧ್ಯಾಹ್ನ ಬಿಡಿಸುತ್ತಿದ್ದ ಚಿತ್ರ ತಂದು ತೋರಿಸಿದಳು. ಓಣಿ, ಮನೆಗಳು. ಎಲ್ಲ ಮನೆಗೂ ಕೆಂಪು. ಮಾಷ್ಟ್ರ ಮನೆಗೆ ಕಪ್ಪು ಬೀಗ, ಬಾಗಿಲಿಗಿಂತ ದೊಡ್ಡದು. ಅದರ ಪಕ್ಕ ಒಂದು ಕಂದು ಗುಡ್ಡೆ. ಗುಡ್ಡೆಯ ಮೇಲೆ ಮೂರು ನೀಲಿ ಚುಕ್ಕೆ.

ಆ ಗುಡ್ಡೆ ಏನು ಅಂತ ನನಗೆ ಕೂಡಲೇ ಹೊಳೆಯಿತು. ಮಾಷ್ಟ್ರ ಮನೆ ಪಕ್ಕದ ಹಳೆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಕೆಲಸಕ್ಕೆ ಬಂದವರು ಕೊಪ್ಪಳದ ಕಡೆಯವರು. ಅಲ್ಲೇ ತಗಡಿನ ಶೆಡ್ಡಿನಲ್ಲಿ ಎರಡು ಸಂಸಾರ. ಡಿಸೆಂಬರಿನಲ್ಲಿ ನಾವು ಊರಿಗೆ ಹೋಗಿದ್ದಾಗ ಮಗಳು ದಿನಾ ಸಂಜೆ ಮೈ ತುಂಬ ಕೆಂಪು ದೂಳು ಮಾಡಿಕೊಂಡು ಬರುತ್ತಿದ್ದಳು. ಅಮ್ಮ ಅಂಗಳದ ನಳ್ಳಿಯಲ್ಲಿ ಅವಳ ಕಾಲು ತೊಳೆಯುತ್ತಾ "ಆ ಮಣ್ಣಲ್ಲಿ ಎಂತ ಆಟ ಉಂಟು ನಿಂಗೆ" ಅಂತ ಗದರುತ್ತಿದ್ದರು. ಯಾರ ಜೊತೆ ಆಡಿದೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಒಮ್ಮೆ ಗೇಟಿನ ಹತ್ತಿರ ನಿಂತಿದ್ದ ಹುಡುಗಿಯನ್ನು ಎಷ್ಟನೇ ಕ್ಲಾಸು ಅಂತ ಕೇಳಿದ್ದೆ. "ಮೂರನೇತ್ತ ಅದೀನ್ರಿ" ಅಂದಿದ್ದಳು. ಸರಕಾರಿ ಶಾಲೆಯ ನೀಲಿ ಯೂನಿಫಾರ್ಮ್ ಹಾಕಿದ್ದಳು. ಅಷ್ಟು ಕೇಳಿ ಒಳಗೆ ಬಂದಿದ್ದೆ. ನನ್ನ ಲೆಕ್ಕದಲ್ಲಿ ಅವಳು ಬರಲೇ ಇಲ್ಲ.

ಇದರಲ್ಲಿ ನನಗೆ ಜಾಸ್ತಿ ನೋವಾದದ್ದು ಯಾಕೆ ಅಂದರೆ, ಇದೇ ತಪ್ಪನ್ನು ನಾನು ಕೆಲಸದಲ್ಲಿ ಒಮ್ಮೆ ಮಾಡಿದ್ದೇನೆ.

ಗೆಲಾಕ್ಸಿ ಕೆಂಪಗೆ ಕಾಣಲು ಎರಡು ಕಾರಣ ಇರಬಹುದು. ಒಂದು ಮುಪ್ಪು. ಇನ್ನೊಂದು ದೂಳು. ಮಲ್ಪೆಯಲ್ಲಿ ಮುಳುಗುವ ಸೂರ್ಯ ಕೆಂಪಾಗುವುದು ಸೂರ್ಯನಿಗೆ ವಯಸ್ಸಾಯಿತು ಅಂತ ಅಲ್ಲ. ಬೆಳಕು ನಮ್ಮ ತನಕ ಬರುವ ದಾರಿಯಲ್ಲಿ ನೀಲಿ ಚದುರಿಹೋಗುತ್ತದೆ. ಗೆಲಾಕ್ಸಿಗಳಲ್ಲೂ ಹಾಗೇ. ಎಲ್ಲಿ ನಕ್ಷತ್ರಗಳು ರಭಸದಿಂದ ಹುಟ್ಟುತ್ತವೋ ಅಲ್ಲೇ ದೂಳೂ ಜಾಸ್ತಿ. ಆ ದೂಳು ನೀಲಿ ಬೆಳಕನ್ನು ನುಂಗಿ, ತಾನು ಬೆಚ್ಚಗಾಗಿ, ಅದನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೋಡಿದರೆ ಮುದಿ ಗೆಲಾಕ್ಸಿ. ಅವಕೆಂಪಿನಲ್ಲಿ, ಅಂದರೆ ಕಣ್ಣಿಗೆ ಕಾಣದ ಆ ಶಾಖದ ಬೆಳಕಿನಲ್ಲಿ ನೋಡಿದರೆ ಒಳಗೆಲ್ಲ ಎಳೆಯ ನಕ್ಷತ್ರಗಳು.

ಜರ್ಮನಿಯಲ್ಲಿದ್ದಾಗ ಸತ್ತ ಗೆಲಾಕ್ಸಿಗಳ ಒಂದು ಪಟ್ಟಿ ಮಾಡಿದ್ದೆ, ಬಣ್ಣ ನೋಡಿ. ಹನ್ನೆರಡನೇ ಸಾಲಿನದ್ದರ ಬಗ್ಗೆ ಹಿರಿಯ ಸಹೋದ್ಯೋಗಿಯೊಬ್ಬರು "ಇದರ ಅವಕೆಂಪು ಚಿತ್ರ ನೋಡಿದ್ದೀಯಾ?" ಅಂತ ಕೇಳಿದರು. ನೋಡಿರಲಿಲ್ಲ. ತೆರೆದು ನೋಡಿದರೆ ಆ ಜಾಗ ಕೆಂಡದ ಹಾಗೆ ಹೊಳೆಯುತ್ತಿತ್ತು. ನಮ್ಮ ಆಕಾಶಗಂಗೆಗಿಂತ ಹತ್ತಾರು ಪಟ್ಟು ವೇಗದಲ್ಲಿ ಅಲ್ಲಿ ನಕ್ಷತ್ರ ಹುಟ್ಟುತ್ತಿದ್ದವು. ನಾನು ಅದರ ಮುಂದೆ 'ಸತ್ತದ್ದು' ಅಂತ ಬರೆದಿದ್ದೆ. ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಯಿತು. ಆ ಹಾಳೆ ಇವತ್ತೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಈ ಪಾಠವನ್ನು ಜಗತ್ತಿಗೆ ದೊಡ್ಡದಾಗಿ ಕಲಿಸಿದ್ದು ಐರಾಸ್ ಅನ್ನುವ ಉಪಗ್ರಹ. ನೆದರ್‌ಲ್ಯಾಂಡ್ಸ್, ಅಮೆರಿಕ, ಬ್ರಿಟನ್ ಸೇರಿ 1983ರ ಜನವರಿಯಲ್ಲಿ ಹಾರಿಸಿದ್ದು. ತಣ್ಣಗಿಡಲು ತುಂಬಿದ್ದ ದ್ರವ ಹೀಲಿಯಂ ಮುಗಿಯುವ ತನಕ, ಹತ್ತು ತಿಂಗಳು, ಅದು ಅವಕೆಂಪು ಕಣ್ಣಿನಿಂದ ಹೆಚ್ಚುಕಡಿಮೆ ಇಡೀ ಆಕಾಶವನ್ನು ನೋಡಿತು. ಆರ್ಪ್ 220 ಅನ್ನುವ ಗೆಲಾಕ್ಸಿ ಇದೆ, ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಸಾಮಾನ್ಯ ದೂರದರ್ಶಕದಲ್ಲಿ ಮಸುಕು ಮಸುಕು, ಯಾರೂ ಎರಡನೇ ಸಲ ತಿರುಗಿ ನೋಡದಂಥದ್ದು. ಅವಕೆಂಪಿನಲ್ಲಿ ಅದರ ಹೊಳಪು ನಮ್ಮ ಆಕಾಶಗಂಗೆಯ ಒಟ್ಟು ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಮಲಗಿದ ಮಗಳ ಪಕ್ಕ ಆ ಚಿತ್ರ ಹಿಡಿದುಕೊಂಡು ನಾನು ತುಂಬಾ ಹೊತ್ತು ಕೂತಿದ್ದೆ. ಪಕ್ಕದ ಮನೆಯ ಅಜ್ಜಿ ನೆನಪಾದರು.

ಇಲ್ಲಿನವರ ಮನೆಗಳಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರ್ ಅಂತ ಒಂದು ಇರುತ್ತದೆ. ವರ್ಷ, ವಾರ ಏನೂ ಇರುವುದಿಲ್ಲ, ಬರೀ ತಿಂಗಳು ಮತ್ತು ತಾರೀಕು. ಸಾಮಾನ್ಯವಾಗಿ ಶೌಚಾಲಯದ ಬಾಗಿಲ ಹಿಂದೆ ತೂಗುಹಾಕುತ್ತಾರೆ, ದಿನಾ ಕಣ್ಣಿಗೆ ಬೀಳಲಿ ಅಂತ. ನಾವು ಈ ಬೀದಿಗೆ ಬಂದ ಎರಡನೇ ತಿಂಗಳು ಆ ಅಜ್ಜಿ ಮನೆಗೆ ಚಾಕ್ಕೆ ಕರೆದಿದ್ದರು. ಕೈ ತೊಳೆಯಲು ಹೋದಾಗ ನೋಡಿದೆ. ಅವರ ಮೊಮ್ಮಕ್ಕಳ ಹೆಸರುಗಳ ನಡುವೆ, ಅದೇ ಇಳಿಜಾರು ಅಕ್ಷರದಲ್ಲಿ, ನನ್ನ ಮಗಳ ಹೆಸರು. ತಾರೀಕು ಯಾವಾಗ ಕೇಳಿದ್ದರೋ ಗೊತ್ತಿಲ್ಲ. ಒಂದು ಅಕ್ಷರ ತಪ್ಪಿತ್ತು. ನನಗೆ ಅಲ್ಲೇ ಅಳು ಬಂತು. ನಮ್ಮದು ಆಗ ಎರಡು ವರ್ಷದ ಕೆಲಸ. ಆಮೇಲೆ ಇರುತ್ತೇವೋ ಇಲ್ಲವೋ ನಮಗೇ ಖಾತ್ರಿ ಇರಲಿಲ್ಲ. ಅವರು ಅದನ್ನು ಕೇಳಿಯೂ ಇರಲಿಲ್ಲ. ಸೀದಾ ಪೆನ್ನಿನಲ್ಲಿ ಬರೆದಿದ್ದರು.

ಮರುವಾರ ಅಮ್ಮನಿಗೆ ಫೋನ್ ಮಾಡಿದಾಗ ಮಕ್ಕಳ ವಿಷಯ ತೆಗೆದೆ. "ಅವ್ರು ಘಟ್ಟದವ್ರಲ್ವಾ" ಅಂದರು. "ಕಟ್ಟಡ ಮುಗಿದ್ರೆ ಹೋಗ್ತಾರೆ. ಅವ್ರನ್ನೆಲ್ಲ ಓಣಿಯವರು ಅಂತ ಹೇಳ್ಲಿಕ್ಕಾಗ್ತದಾ?" ನನ್ನ ಅಮ್ಮ ಕೆಟ್ಟವರಲ್ಲ. ಬೇಸಿಗೆಯಲ್ಲಿ ಆ ಹೆಂಗಸರಿಗೆ ನಮ್ಮ ಬಾವಿಯಿಂದಲೇ ನೀರು. ಹಬ್ಬದ ದಿನ ಕಡುಬು ಕಳಿಸುತ್ತಾರೆ. ಆದರೆ ಮಾತಿಗೆ ಕೂತರೆ ಓಣಿಯಲ್ಲಿ ಮಕ್ಕಳೇ ಇಲ್ಲ ಅಂತ ನಿಟ್ಟುಸಿರು ಬಿಡುತ್ತಾರೆ. ಊರಲ್ಲಿ ಎಲ್ಲರೂ ಹೀಗೇ. ನಮ್ಮ ಮಕ್ಕಳು ಹೊರಗೆ ಹೋದದ್ದು ಸಂಕಟ. ಹೊರಗಿನ ಮಕ್ಕಳು ಒಳಗೆ ಬಂದದ್ದು ಲೆಕ್ಕಕ್ಕಿಲ್ಲ. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ ಅಂತ ಕೊರಗುವವರು, ಆ ಶಾಲೆಯ ಬೆಂಚಿನಲ್ಲಿ ಈಗ ಕೂತಿರುವವರು ಯಾರು ಅಂತ ಒಮ್ಮೆ ಬಗ್ಗಿ ನೋಡಬೇಕು. ನಾನೂ ನೋಡದೆ ಬಂದವಳೇ.

"ನಾವೂ ಇಲ್ಲಿ ಘಟ್ಟದವರೇ ಅಮ್ಮ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಕಾಗೆ ಕೂಗುವುದು ಕೇಳುತ್ತಿತ್ತು. ಹಿಂದೆ ಎಲ್ಲೋ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು.

"ಆ ದೊಡ್ಡ ಹುಡುಗಿಯ ಹೆಸರು ಎಂತ ಅಂತ ನಂಗೆ ಗೊತ್ತಿಲ್ಲ" ಅಂದರು ಕೊನೆಗೆ. ದನಿ ಸಣ್ಣಗಾಗಿತ್ತು.

ಮಗಳಿಗೆ ಗೊತ್ತಿತ್ತು. ಮೂವರದ್ದೂ. ಅಡುಗೆಮನೆಯಿಂದ ಓಡಿ ಬಂದು ಒಂದೊಂದಾಗಿ ಹೇಳಿದಳು. ಅಮ್ಮ ಒಂದೊಂದನ್ನೂ ತಿರುಗಿ ಹೇಳಿದರು. ಚಿಕ್ಕವನ ಹೆಸರು ಅವರಿಗೆ ಸರಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡರು.

"ಈಗ ಅಲ್ಲೇ ಉಂಟು ಮೂರೂ, ಮರಳಿನ ರಾಶಿ ಮೇಲೆ. ಕರೀಲಾ?"

"ಕರಿ ಅಜ್ಜಿ, ಕರಿ" ಅಂದಳು ಮಗಳು.

ಅಮ್ಮ ಫೋನನ್ನು ಡಬ್ಬಿಯಿಂದ ಎತ್ತಿಕೊಂಡರು. ನಮಗೆ ಮೊದಲು ಚಾವಡಿಯ ಮಾಡು ಕಂಡಿತು. ಆಮೇಲೆ ತುಳಸಿಕಟ್ಟೆ, ಅಂಗಳ, ಅಮ್ಮನ ಚಪ್ಪಲಿ. ಗೇಟಿನ ಚಿಲಕದ ಸದ್ದು. ಪರದೆ ತುಂಬ ಸಂಜೆ ಬಿಸಿಲಲ್ಲಿ ಎದ್ದ ಕೆಂಪು ದೂಳು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಅಮ್ಮ ಪಾಗಾರದ ಮೇಲಿನಿಂದ ಮೊದಲ ಹೆಸರು ಹಿಡಿದು ಕರೆದರು.